ಗುಂಡಪ್ಪನನ್ನು ತೂಗಿದ ಜೋಲಿ

ನಾನು ಒಂದು ಸೀರೆ. ಈಗ ನನ್ನನ್ನು ನೋಡಿದವರಿಗೆ ಈ ಮಾತು ನಗು ತರಿಸಬಹುದು. ಸೆರಗಿಲ್ಲದ, ಬಣ್ಣ ಹೋದ, ನಡುವೆ ಜೋತುಬಿದ್ದ ಈ ಬಟ್ಟೆಯನ್ನು ಎಲ್ಲರೂ ಜೋಲಿ ಎನ್ನುತ್ತಾರೆ. ಆದರೆ ಹುಟ್ಟುವಾಗ ನಾನು ಸೀರೆಯೇ. ಇಳಕಲ್ಲಿನ ಒಂದು ಇಕ್ಕಟ್ಟಾದ ಓಣಿಯಲ್ಲಿ, ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತ ಬಸಲಿಂಗಪ್ಪನೆಂಬ ನೇಕಾರನ ಮಗ್ಗದಲ್ಲಿ ನಾನು ಕಣ್ಣು ಬಿಟ್ಟೆ.

ಅದಕ್ಕೂ ಮೊದಲು ಎಲ್ಲಿದ್ದೆ ಎಂದು ಕೇಳಿದರೆ, ಒಂದಿಷ್ಟು ಹತ್ತಿಯ ಕಾಯಿಯೊಳಗೆ ಮಲಗಿದ್ದೆ, ಒಂದಿಷ್ಟು ಯಾವುದೋ ರೇಷ್ಮೆ ಹುಳದ ಕನಸಿನಲ್ಲಿದ್ದೆ ಎಂದು ಹೇಳಬೇಕಾದೀತು. ನಮ್ಮ ಊರಿನ ಸೀರೆಗೆ ಒಡಲು ಬೇರೆ, ಸೆರಗು ಬೇರೆ. ಎರಡೂ ಬೇರೆ ಬೇರೆ ತಾಯಿಯರ ಮಕ್ಕಳಂತೆ ಬರುತ್ತವೆ. ಒಡಲಿನ ಹಾಸು, ಎಂದರೆ ಉದ್ದದ ಎಳೆಗಳು, ಮುಗಿಯುವಲ್ಲಿ ಸೆರಗಿನ ಕೆಂಪು ರೇಷ್ಮೆಯ ಹಾಸನ್ನು ತಂದು, ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಆಮೇಲೆ ನೇಯ್ದರೆ ಎಲ್ಲಿ ಕೂಡಿಸಿದರು ಎಂದು ಬೆರಳಿಗೂ ಗೊತ್ತಾಗುವುದಿಲ್ಲ. ನನಗೆ ಕೊಂಡಿ ಹಾಕಿದವಳು ಬಸಲಿಂಗಪ್ಪನ ಹೆಂಡತಿ ಬಾಳವ್ವ. ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ, ನಾಲಿಗೆಯ ತುದಿಯನ್ನು ಹಲ್ಲಿನ ನಡುವೆ ಇಟ್ಟುಕೊಂಡು ಒಂದೊಂದೇ ಎಳೆಯನ್ನು ಕೂಡಿಸಿದಳು. ನನ್ನ ಒಡಲು ನವಿಲಿನ ಕೊರಳಿನ ಬಣ್ಣದ್ದು. ಸೆರಗು ಕೆಂಪು, ಅದರ ಮೇಲೆ ಬಿಳಿಯ ತೆನೆಗಳು. ಮಾರುವುದಕ್ಕೆಂದು ನೇಯ್ದದ್ದಲ್ಲ, ಅವರ ಒಬ್ಬಳೇ ಮಗಳು ಮಹಾನಂದಾಳ ಮದುವೆಗೆಂದು ನೇಯ್ದದ್ದು.

ಮಹಾನಂದಾ ಎಂಟನೆಯ ಇಯತ್ತೆಗೇ ಶಾಲೆ ಬಿಟ್ಟು ಅಪ್ಪನಿಗೆ ಲಾಳಿಯ ಕಂಡಿಕೆಗೆ ನೂಲು ಸುತ್ತಿಕೊಡಲು ಕೂತವಳು. ನಾನು ಮಗ್ಗದ ಮೇಲಿದ್ದಾಗ ಅವಳು ರಾಟಿ ತಿರುಗಿಸುತ್ತಾ ಪದ್ಯಗಳನ್ನು ಗುನುಗುತ್ತಿದ್ದಳು. ಎಲ್ಲವೂ ಶಾಲೆಯ ಪುಸ್ತಕದವು, ಎಂಟನೆಯದಕ್ಕೆ ನಿಂತುಹೋದವು. ಹೀಗಾಗಿ ನನ್ನ ಹೊಕ್ಕಿನ ಅಡ್ಡ ನೂಲಿನಲ್ಲಿ ಒಂದಿಷ್ಟು ಅರ್ಧ ಪದ್ಯಗಳು ಸುತ್ತಿಕೊಂಡಿವೆ ಎಂದು ನನಗೆ ಯಾವಾಗಲೂ ಅನಿಸುತ್ತದೆ.

ಮದುವೆಯ ದಿನ ಅವಳು ನನ್ನನ್ನು ಉಟ್ಟಳು. ಗಂಡನ ಹೆಸರು ಶ್ರೀಶೈಲ. ಅವನ ಅಂಗಿಯ ತುದಿಗೆ ನನ್ನ ಸೆರಗನ್ನು ಗಂಟು ಹಾಕಿದರು. ಗಂಟು ಹಾಕುವುದು, ಬಿಚ್ಚುವುದು ಎಂದರೆ ಏನೆಂದು ನಾನು ಕಲಿತದ್ದು ಆ ದಿನದಿಂದ.

ಶ್ರೀಶೈಲ ಕೆಟ್ಟವನಂತೆ ಕಾಣುತ್ತಿರಲಿಲ್ಲ. ಬಸುರಿ ಹೆಂಡತಿಯನ್ನು ತವರಿಗೆ ಬಿಟ್ಟು, ಸೋಲಾಪುರದ ಪವರ್‌ಲೂಮಿಗೆ ಕೆಲಸಕ್ಕೆ ಹೋದ. ಮೊದಮೊದಲು ಫೋನು ಬರುತ್ತಿತ್ತು. ಆಮೇಲೆ ಅಪರೂಪವಾಯಿತು. ಒಂದು ದಿನ ಓಣಿಯವರೊಬ್ಬರು ಅಲ್ಲಿಂದ ಬಂದು, ಅವನು ಲಲಿತಾ ಎಂಬವಳನ್ನು ಕಟ್ಟಿಕೊಂಡು ಮನೆ ಮಾಡಿದ್ದಾನೆಂದು ಹೇಳಿ ನೀರೂ ಕುಡಿಯದೆ ಎದ್ದು ಹೋದರು. ಅದೇ ವರ್ಷ ಬಸಲಿಂಗಪ್ಪ ತೀರಿಕೊಂಡ. ಮಗ್ಗದ ಸದ್ದು ನಿಂತ ಮನೆಯಲ್ಲಿ ಇಬ್ಬರು ಹೆಂಗಸರು ಉಳಿದರು, ಬಾಳವ್ವ ಮತ್ತು ದಿನ ತುಂಬಿದ ಮಹಾನಂದಾ. ನಾನು ಟ್ರಂಕಿನಲ್ಲಿ ನುಸಿಗುಳಿಗೆಯ ವಾಸನೆ ಕುಡಿಯುತ್ತಾ ಮಲಗಿದ್ದೆ.

ಹೆಣ್ಣುಮಗು ಹುಟ್ಟಿತು. ಹೆಸರಿಡುವ ದಿನ ಮನೆಯಲ್ಲಿ ತೊಟ್ಟಿಲಿರಲಿಲ್ಲ. ಬಾಳವ್ವ ಟ್ರಂಕು ತೆರೆದು ನನ್ನನ್ನು ಹೊರಗೆ ತೆಗೆದಳು. ತೊಲೆಯ ಕೊಂಡಿಗೆ ನನ್ನ ಎರಡು ತುದಿಗಳನ್ನು ಕಟ್ಟಿ ಜೋಲಿ ಮಾಡಿದಳು. ರೇಷ್ಮೆ ಸೆರಗಿನ ಮದುವೆ ಸೀರೆಯನ್ನು ಜೋಲಿಗೆ ಹಾಕುತ್ತಾರೆಯೇ ಎಂದು ನೆರೆಯವಳೊಬ್ಬಳು ಕೇಳಿದಳು. ಇದನ್ನ ಉಡೂ ದಿನ ಮುಗದೂವು, ಕೂಸರ ಮೆತ್ತಗ ಮಲಗಲಿ ಎಂದಳು ಬಾಳವ್ವ.

ನಮ್ಮ ಕಡೆ ಒಂದು ಪದ್ಧತಿ ಇದೆ. ಕೂಸನ್ನು ಮೊದಲ ಸಲ ತೊಟ್ಟಿಲಿಗೆ ಹಾಕುವ ಮೊದಲು ಒರಳಿನ ಗುಂಡಕಲ್ಲನ್ನು ತೊಳೆದು, ಅರಿಶಿನ ಕುಂಕುಮ ಹಚ್ಚಿ, ಕೂಸಿನ ಕುಂಚಿಗೆ ತೊಡಿಸಿ ಮಲಗಿಸುತ್ತಾರೆ. ಅವನ ಹೆಸರು ಗುಂಡಪ್ಪ. ಮೊದಲು ಗುಂಡಪ್ಪನನ್ನು ತೂಗಿ, ಆಮೇಲೆ ಅವನನ್ನು ಎತ್ತಿ ಕೂಸನ್ನು ಮಲಗಿಸುವುದು. ಏಕೆಂದರೆ ಖಾಲಿ ಜೋಲಿಯನ್ನು ಯಾರೂ ತೂಗಬಾರದು. ಖಾಲಿ ತೂಗಿದರೆ ಕೂಸಿಗೆ ಕೇಡು. ಕೂಸನ್ನು ಎತ್ತಿಕೊಂಡ ಮರುಗಳಿಗೆಯೇ ಜೋಲಿಗೆ ಗಂಟು ಹಾಕಿಬಿಡಬೇಕು, ಗಾಳಿಯೂ ಅದನ್ನು ತೂಗದ ಹಾಗೆ.

ಅಂದು ಗುಂಡಪ್ಪ ನನ್ನ ಮೇಲೆ ಮಲಗಿದಾಗ ನಾನು ನೆಲದವರೆಗೆ ಜಗ್ಗಿದೆ. ಇವ ಅಳೂದಿಲ್ಲ, ಉಚ್ಚಿ ಹೊಯ್ಯೂದಿಲ್ಲ, ಇಂಥಾ ಮಗ ಯಾರಿಗರ ಹುಟ್ಟ್ಯಾನೇನ ಎಂದು ಹೆಂಗಸರು ನಕ್ಕರು. ಆಮೇಲೆ ಕೂಸು ಬಂತು. ಅದಕ್ಕೆ ಸಿಂಚನಾ ಎಂದು ಹೆಸರಿಟ್ಟರು. ಕಲ್ಲಿನ ನಂತರ ಅವಳು ಹೂವಿನಷ್ಟು ಹಗುರಾಗಿದ್ದಳು. ನನ್ನ ಸೆರಗಿನ ಅಂಚನ್ನು ಮುಷ್ಟಿಯಲ್ಲಿ ಹಿಡಿದು ನಿದ್ದೆಹೋದಳು. ಆ ದಿನದಿಂದ ಅದನ್ನು ಹಿಡಿಯದೆ ಅವಳು ಮಲಗಿದ್ದೇ ಇಲ್ಲ.

ಓಣಿಯ ಅಂಗನವಾಡಿಯ ಟೀಚರು ಇನ್ನೆರಡು ವರ್ಷಕ್ಕೆ ಕೆಲಸ ಬಿಡುವವರಿದ್ದರು. ಆ ಜಾಗಕ್ಕೆ ಓಣಿಯವರೇ ಆಗಬೇಕು, ಹತ್ತನೆಯದು ಪಾಸಾಗಿರಬೇಕು ಎಂಬ ಸುದ್ದಿ ಮಹಾನಂದಾಳ ಕಿವಿಗೂ ಬಿತ್ತು. ಊರಿನ ಹಳೆಯ ಬಣ್ಣದ ಮನೆಯಲ್ಲಿ, ಎಂದರೆ ಹಿಂದೆ ನೂಲಿಗೆ ಬಣ್ಣ ಹಾಕುತ್ತಿದ್ದ ಜಾಗದಲ್ಲಿ, ಹೆಂಗಸರ ಸಂಘವೊಂದು ಮಧ್ಯಾಹ್ನದ ಶಾಲೆ ನಡೆಸುತ್ತಿತ್ತು. ಶಾಲೆ ಬಿಟ್ಟವರು ಅಲ್ಲಿ ಓದಿ ನೇರವಾಗಿ ಹತ್ತನೆಯ ಪರೀಕ್ಷೆಗೆ ಕೂರಬಹುದಿತ್ತು. ಬಾಳವ್ವ ಹಗಲು ಬೇರೆಯವರ ಮಗ್ಗಕ್ಕೆ ಕೊಂಡಿ ಹಾಕಲು ಹೋಗುತ್ತಿದ್ದಳು, ಕೂಸನ್ನು ನೋಡಿಕೊಳ್ಳುವವರು ಯಾರೂ ಇರಲಿಲ್ಲ. ಹಾಗಾಗಿ ಮಹಾನಂದಾ ಒಂದು ಹೆಗಲಿಗೆ ಕೂಸನ್ನೂ ಇನ್ನೊಂದು ಹೆಗಲಿಗೆ ನನ್ನನ್ನೂ ಹಾಕಿಕೊಂಡು ಶಾಲೆಗೆ ಹೊರಟಳು.

ಬಣ್ಣದ ಮನೆ ನನಗೆ ಹೊಸದಾಗಿರಲಿಲ್ಲ. ನನ್ನ ನೂಲಿಗೆ ನವಿಲು ಬಣ್ಣ ಹತ್ತಿದ್ದು ಅಲ್ಲಿಯೇ. ನೆಲದಲ್ಲಿ ಇನ್ನೂ ಕೆಂಪು, ನೀಲಿ, ಹಳದಿ ಕಲೆಗಳಿದ್ದವು. ಮೇಲೆ ನೂಲು ಒಣಹಾಕುವ ಬಿದಿರ ಗಳಗಳು ಹಾಗೆಯೇ ಇದ್ದವು. ಮಹಾನಂದಾ ಕೊನೆಯ ಗಳಕ್ಕೆ ನನ್ನನ್ನು ಕಟ್ಟಿದಳು. ಪಾಠ ಹೇಳುವ ಕಮಲಾಕ್ಷಿ ಅಕ್ಕೋರು ಕನ್ನಡಕ ಮೂಗಿಗೆ ಇಳಿಸಿ, ಇದು ಸಾಲಿಯೋ ಬಾಣಂತಿ ಕೋಣೆಯೋ ಎಂದು ಕೇಳಿದರು. ಜುಲೇಖಾ ಎಂಬವಳು ಮುಂದಿನ ಸಾಲಿನಿಂದ ತಿರುಗಿ ನೋಡಿ, ಬಾಣಂತಿ ಕೋಣಿ ಬಿಟ್ಟು ಓಡಿ ಬಂದವರ ಸಾಲಿರಿ ಇದು ಎಂದಳು. ಇಡೀ ಕೋಣೆ ನಕ್ಕಿತು. ಅಕ್ಕೋರಿಗೂ ತಡೆಯಲಾಗಲಿಲ್ಲ.

ಜುಲೇಖಾ ಹೇಳಿದ್ದು ಸುಳ್ಳೇನಲ್ಲ. ಅವಳನ್ನು ಗಂಡ ಎರಡು ಮಕ್ಕಳೊಂದಿಗೆ ತವರಿಗೆ ಅಟ್ಟಿದ್ದ. ಕಲ್ಲಿನ ಗಣಿಯಲ್ಲಿ ಗಂಡನನ್ನು ಕಳೆದುಕೊಂಡವಳೊಬ್ಬಳು ಇದ್ದಳು. ಮದುವೆಯೇ ಆಗದೆ ತಾಯಿಯಾದ ಒಬ್ಬ ಹುಡುಗಿ ಮೂಲೆಯಲ್ಲಿ ಕೂರುತ್ತಿದ್ದಳು. ಅವಳನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಸರದಿಯ ಮೇಲೆ ಎಲ್ಲರ ಕೂಸುಗಳೂ ನನ್ನೊಳಗೆ ಮಲಗಿ ಎದ್ದವು. ಒಂದೊಂದರ ಭಾರ ಒಂದೊಂದು ತರಹ. ಮಣಭಾರದ ಅಳುಬುರುಕರಿದ್ದರು, ಮಲಗಿದ್ದಾರೆಂದೇ ತಿಳಿಯದ ಸೊರಗಿದವರಿದ್ದರು. ಸಿಂಚನಾ ಮಾತ್ರ ನನ್ನ ಸೆರಗು ಹಿಡಿಯುತ್ತಿದ್ದಳು.

ಬರೆಯಲು ಕೈ ಬೇಕು, ತೂಗಲೂ ಕೈ ಬೇಕು. ಮಹಾನಂದಾ ನೂಲಿನ ಒಂದು ಹುರಿ ಹೊಸೆದು, ಒಂದು ತುದಿಯನ್ನು ನನಗೂ ಇನ್ನೊಂದನ್ನು ತನ್ನ ಕಾಲಿನ ಹೆಬ್ಬೆರಳಿಗೂ ಕಟ್ಟಿಕೊಂಡಳು. ಕೈ ಬರೆಯುತ್ತಿತ್ತು, ಕಾಲು ತೂಗುತ್ತಿತ್ತು. ನೇಕಾರನ ಮಗಳಲ್ಲವೇ, ಅಪ್ಪ ಕುಣಿಯಲ್ಲಿ ಕೂತು ಕಾಲಲ್ಲಿ ಮಣೆ ತುಳಿಯುತ್ತಾ ಕೈಯಲ್ಲಿ ಲಾಳಿ ಹೊಡೆಯುವುದನ್ನು ನೋಡಿ ಬೆಳೆದವಳು. ಬರಬರುತ್ತಾ ಅವಳಿಗೆ ತೂಗದಿದ್ದರೆ ಪಾಠ ಹತ್ತುತ್ತಿರಲಿಲ್ಲ. ಮಗ್ಗಿ ಹೇಳುವಾಗ ನಾನು ಹೋಗುತ್ತಿದ್ದೆ, ಬರುತ್ತಿದ್ದೆ. ಲಂಬಕೋನ ತ್ರಿಭುಜದ ಪ್ರಮೇಯವನ್ನು ಅವಳು ಜೋಗುಳದ ರಾಗಕ್ಕೆ ಹೊಂದಿಸಿಕೊಂಡಿದ್ದಳು. ಪ್ರಮೇಯ ಮುಗಿಯುವ ಹೊತ್ತಿಗೆ ಸಿಂಚನಾಳ ಕಣ್ಣು ಮುಚ್ಚಿರುತ್ತಿತ್ತು. ನಿನ್ನ ಮಗಳಿಗೆ ಹಲ್ಲಿಗಿಂತ ಮೊದಲ ಗಣಿತ ಬರ್ತೈತಿ ನೋಡು ಎಂದು ಜುಲೇಖಾ ಕಾಡಿಸುತ್ತಿದ್ದಳು. ನನ್ನ ಬದುಕಿನಲ್ಲಿ ಸುಖದ ದಿನ ಯಾವುದೆಂದರೆ ಅವೇ. ಮೇಲಿನಿಂದ ಹಳೆಯ ಬಣ್ಣದ ವಾಸನೆ, ಕೆಳಗೆ ಸೀಮೆಸುಣ್ಣದ ವಾಸನೆ, ನಡುವೆ ನಾನು.

ಕೂಸು ತಪ್ಪುಹೆಜ್ಜೆ ಹಾಕತೊಡಗಿದ ಕಾಲಕ್ಕೆ, ಪರೀಕ್ಷೆ ಹತ್ತಿರವಿದ್ದಾಗ, ಶ್ರೀಶೈಲ ಬಂದ. ಜೊತೆಗೆ ಅವನ ತಾಯಿ, ಓಣಿಯ ಇಬ್ಬರು ಹಿರಿಯರು. ಲಲಿತಾಳಿಗೆ ಮಕ್ಕಳಾಗುವುದಿಲ್ಲವೆಂದು ಡಾಕ್ಟರು ಹೇಳಿದ್ದರಂತೆ. ತನ್ನ ಕೂಸನ್ನು ತಾನು ಸಾಕುತ್ತೇನೆ ಎಂದ. ಮಹಾನಂದಾ ತಲೆ ಅಲ್ಲಾಡಿಸಿ ಕೊಡುವುದಿಲ್ಲವೆಂದಳು. ಆದರೆ ಆ ಚಳಿಗಾಲವೆಲ್ಲ ಸಿಂಚನಾಳಿಗೆ ಕೆಮ್ಮು ಬಿಟ್ಟಿರಲಿಲ್ಲ, ಮೈ ಹಿಡಿದಿರಲಿಲ್ಲ. ದವಾಖಾನೆಯ ನರ್ಸು ಹಾಲು, ತತ್ತಿ ಕೊಡಬೇಕೆಂದು ಎರಡು ಸಲ ಹೇಳಿ ಕಳಿಸಿದ್ದಳು. ಹಿರಿಯರಲ್ಲೊಬ್ಬರು ಕೂಸಿನ ತೋಳನ್ನು ಎರಡು ಬೆರಳಲ್ಲಿ ಹಿಡಿದು ಎಲ್ಲರಿಗೂ ತೋರಿಸಿದರು.

"ಯವ್ವಾ, ನಿನ್ನಿಂದ ಕೂಸನ್ನ ಕಸಗೊಳ್ಳಾಕ ಬಂದಿಲ್ಲ ನಾವು. ನೀ ಸಾಲಿ ಕಲಿಯಾಕತ್ತೀದಿ, ಕಲಿ. ಪಾಸಾಗು, ನೌಕರಿ ಹಿಡಿ. ಅವತ್ತ ಹೋಗಿ ನಿನ್ನ ಮಗಳನ್ನ ಕರ್ಕೊಂಡು ಬಾ. ಇವ ಇಲ್ಲ ಅನ್ನೂದಿಲ್ಲ, ಅದಕ್ಕ ನಾವು ಜವಾಬ್ದಾರಿ," ಎಂದರು ಅವರು.

ಶ್ರೀಶೈಲ ನೆಲ ನೋಡುತ್ತಾ ಹೂಂ ಎಂದ. ಬಾಳವ್ವ ಮಗ್ಗಕ್ಕೆ ಹೋಗಿದ್ದಳು. ಮಹಾನಂದಾ ಕೂಸಿನ ಆ ತೋಳನ್ನು ಜೋಲಿಯೊಳಗೆ ಸೇರಿಸಿದಳು. ಆಮೇಲೆ ಅವಳೂ ಹೂಂ ಎಂದಳು. ಆ ಒಂದು ಅಕ್ಷರ ನನ್ನ ಮೈಯಲ್ಲಿ ಇಂದಿಗೂ ಎಲ್ಲೋ ಸಿಕ್ಕಿಕೊಂಡಿದೆ.

ಸಿಂಚನಾ ನನ್ನೊಳಗೆ ಮಲಗಿದ್ದಳು. ನಿದ್ದೆಯಲ್ಲಿಯೇ ಎತ್ತಿಕೊಂಡರು. ಮುಷ್ಟಿ ಬಿಡಿಸಲು ಶ್ರೀಶೈಲನ ತಾಯಿಗೆ ಒಂದೊಂದು ಬೆರಳನ್ನೂ ಬೇರೆಯಾಗಿ ಎತ್ತಬೇಕಾಯಿತು. ಆಟೋ ಹೊರಟಾಗ ಮಹಾನಂದಾ ಓಣಿಯ ತುದಿಯವರೆಗೆ ಹಿಂದೆಯೇ ಓಡಿದಳು. ಬಂದು ಹೊಸ್ತಿಲ ಮೇಲೆ ಕೂತವಳು ಒಳಗೆ ನೋಡಲೇ ಇಲ್ಲ. ನನಗೆ ಗಂಟು ಹಾಕುವುದನ್ನು ಮರೆತಳು. ಅದೊಂದು ಗಾಳಿಯ ದಿನ. ಬಾಗಿಲಿಂದ ಬಂದ ಗಾಳಿ ನನ್ನನ್ನು ತೂಗತೊಡಗಿತು. ನಿಲ್ಲಬೇಕೆಂದು ಎಷ್ಟು ಬಯಸಿದರೂ ಬಟ್ಟೆಗೆ ಗಾಳಿಯೆದುರು ಯಾವ ಹಟ ನಡೆಯುತ್ತದೆ? ಸಂಜೆಯವರೆಗೂ ಖಾಲಿ ತೂಗಿದೆ.

ಬಾಳವ್ವ ಬಂದವಳು ಬಾಗಿಲಲ್ಲೇ ನಿಂತಳು. ಮೊದಲು ನನ್ನನ್ನು ನೋಡಿದಳು, ಆಮೇಲೆ ಮಗಳನ್ನು. ಚೀಲ ಕೆಳಗಿಟ್ಟು ನನಗೆ ಗಂಟು ಹಾಕಿದಳು. ಎಷ್ಟು ಹೊತ್ತಿನಿಂದ ತೂಗಾಕತ್ತೈತಿ ಎಂದು ಮಾತ್ರ ಕೇಳಿದಳು. ಮಹಾನಂದಾ ಆಗ ನನ್ನತ್ತ ತಿರುಗಿ ನೋಡಿದ ನೋಟವನ್ನು ನಾನು ಮರೆಯಲಾರೆ.

ಅಲ್ಲಿಂದ ಅವಳ ಕಾಲಿಗೆ ಭಯ ಹೊಕ್ಕಿತು. ಓದಲು ಕೂತರೆ ಕಾಲು ತಾನಾಗಿ ಆಡುತ್ತಿತ್ತು. ಆಡಿದರೆ ಅದು ಖಾಲಿ ಜೋಲಿ ತೂಗಿದಂತೆ. ತೂಗಿದರೆ ದೂರದ ಊರಲ್ಲಿರುವ ಸಿಂಚನಾಳಿಗೆ ಏನಾದರೂ ಆದರೆ? ಒಂದು ಕಾಲಿನ ಮೇಲೆ ಇನ್ನೊಂದು ಕಾಲನ್ನು ಒತ್ತಿ ಇಟ್ಟುಕೊಂಡು ಓದುತ್ತಿದ್ದಳು. ಓದಿದ್ದು ಹತ್ತುತ್ತಿರಲಿಲ್ಲ. ಸೋಲಾಪುರದಿಂದ ಕೂಸಿಗೆ ಜ್ವರ ಎಂದು ಒಮ್ಮೆ ಫೋನು ಬಂತು. ಎರಡು ದಿನಕ್ಕೆ ಇಳಿದುಹೋದ ಜ್ವರ. ಆದರೆ ಅದರ ಹಿಂದಿನ ಸಂಜೆ ತಾನು ಮರೆತು ಕಾಲಾಡಿಸಿದ್ದು ಅವಳಿಗೆ ನೆನಪಿತ್ತು.

ಪರೀಕ್ಷೆ ಮುಗಿಸಿ ಬಂದ ದಿನ ಜುಲೇಖಾ ಮನೆಗೆ ಬಂದು ಬಾಳವ್ವನ ಮುಂದೆ ಕೂತು ಎಲ್ಲವನ್ನೂ ಹೇಳಿದಳು. ಮಹಾನಂದಾ ಹಿತ್ತಲಲ್ಲಿ ಮುಖ ತೊಳೆಯುತ್ತಿದ್ದಳು. "ಅತ್ತೀ, ನನಗ ಗೊತ್ತಿಲ್ಲದ್ದು ಸೈತ ಆಕಿಗೆ ಗೊತ್ತೈತಿ. ಆದ್ರ ಎರಡೂ ಕಾಲು ಬೆಂಚಿನ ಕಬ್ಬಿಣದ ಸಳಿಗೆ ಸುತ್ತಕೊಂಡು ಕುಂತಿದ್ಲು. ಕಾಲು ಕಟ್ಟಿ ಹಾಕ್ಕೊಂಡು ಪರೀಕ್ಷಾ ಬರದ್ರ ಕೈಯರ ಹ್ಯಾಂಗ ಓಡ್ತೈತಿ?" ಎಂದಳು.

ಜುಲೇಖಾ ಪಾಸಾದಳು. ಮಹಾನಂದಾ ನಪಾಸಾದಳು. ಫಲಿತಾಂಶದ ಪೇಪರು ತಂದ ಜುಲೇಖಾಳಿಗೆ ತನ್ನ ಸಿಹಿ ಹಂಚುವ ಮನಸ್ಸಾಗಲಿಲ್ಲ. ಪೇಢೆಯ ಪೊಟ್ಟಣವನ್ನು ಹಾಗೆಯೇ ಸೆರಗಿನಲ್ಲಿ ಮುಚ್ಚಿಕೊಂಡು ಹಿಂದಿರುಗಿದಳು.

ಮತ್ತೆ ಕೂರುವ ಅವಕಾಶವಿತ್ತು. ಮಹಾನಂದಾ ಮಾತ್ರ ಪುಸ್ತಕ ಮುಟ್ಟಲಿಲ್ಲ. ತನ್ನ ಹಣೆಬರಹದಲ್ಲಿ ಇಷ್ಟೇ ಇದೆ ಎಂದಳು. ಬಾಳವ್ವ ನಾಲ್ಕಾರು ದಿನ ನೋಡಿದಳು. ಒಂದು ಮುಂಜಾನೆ ಒರಳಿನಿಂದ ಗುಂಡಕಲ್ಲನ್ನು ಎತ್ತಿ ತಂದು, ತೊಳೆದು, ಅರಿಶಿನ ಹಚ್ಚಿದಳು. ಪೆಟ್ಟಿಗೆಯಲ್ಲಿ ಉಳಿದಿದ್ದ ಸಿಂಚನಾಳ ಹಳೆಯ ಕುಂಚಿಗೆಯನ್ನು ಅದಕ್ಕೆ ತೊಡಿಸಿದಳು. ನನ್ನ ಗಂಟು ಬಿಚ್ಚಿ ಗುಂಡಪ್ಪನನ್ನು ಮಲಗಿಸಿದಳು. ಮಹಾನಂದಾ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ ನೋಡಿದಳು.

"ನೋಡವ್ವ, ಜೋಲಿ ಈಗ ಖಾಲಿಲ್ಲ," ಎಂದಳು ಬಾಳವ್ವ. "ನೀ ಓದಾಕ ಕುಂತಾಗ ನಾ ಇಲ್ಲಿ ಇವನ್ನ ತೂಗ್ತಿರ್ತೀನಿ. ಪರೀಕ್ಷಾಕ್ಕ ಹ್ವಾದಾಗೂ ತೂಗ್ತೀನಿ, ನೀ ಬಂದು ಹೊಸ್ತಿಲ ದಾಟೂಮಟ ಬಿಡೂದಿಲ್ಲ. ಕಾಲು ಎಷ್ಟ ಬೇಕಷ್ಟ ಆಡಸು. ನಿನ್ನ ಮಗಳಿಗೆ ಏನೂ ಆಗೂದಿಲ್ಲ."

ಮಹಾನಂದಾ ಹಿಟ್ಟಿನ ಕೈಯಿಂದಲೇ ಮುಖ ಮುಚ್ಚಿಕೊಂಡಳು. ಆ ಮನೆಯಲ್ಲಿ ಆಟೋ ಹೋದ ದಿನ ಬರಬೇಕಿದ್ದ ಅಳು ಅಂದು ಬಂತು.

ಬಾಳವ್ವ ಕೊಟ್ಟ ಮಾತಿಗೆ ತಪ್ಪಲಿಲ್ಲ. ಮಗ್ಗದ ಕೆಲಸವನ್ನು ಅರ್ಧಕ್ಕೆ ಇಳಿಸಿಕೊಂಡಳು. ಮಗಳು ಗೋಡೆಗೊರಗಿ ಓದುತ್ತಿದ್ದಳು, ಹೆಬ್ಬೆರಳು ಆಡುತ್ತಿತ್ತು. ಮುದುಕಿ ಇತ್ತ ಕೂತು ಕಲ್ಲನ್ನು ತೂಗುತ್ತಿದ್ದಳು, ಸಣ್ಣಗೆ ಹಾಡುತ್ತಿದ್ದಳು. ಕಲ್ಲಿಗೆ ಹಾಡು ಕೇಳಿಸುತ್ತಿತ್ತೋ ಇಲ್ಲವೋ. ನನಗಂತೂ ಕೆಲವೊಮ್ಮೆ ಕುಂಚಿಗೆಯೊಳಗೆ ಉಸಿರಾಡಿದಂತೆ ಆಗುತ್ತಿತ್ತು. ಸಿಂಚನಾ ಬಿಟ್ಟುಹೋದ ನಿದ್ದೆಯನ್ನೆಲ್ಲ ಆ ಕಲ್ಲು ಮಲಗಿ ತೀರಿಸುತ್ತಿದೆಯೇನೋ ಅನಿಸುತ್ತಿತ್ತು. ಆದರೆ ಕೂಸುಗಳ ಭಾರಕ್ಕೆ ಒಗ್ಗಿದ ನನ್ನ ಮೈಗೆ ಆ ಭಾರ ಬೇರೆಯದು. ದಿನದಿಂದ ದಿನಕ್ಕೆ ಕೊಂಡಿ ಹಾಕಿದ ಜಾಗ ಸಡಿಲವಾಗುತ್ತಾ ಬಂತು. ಎಳೆಗಳು ಒಂದನ್ನೊಂದು ಕೂಗಿ ಕರೆಯುವುದು ನನಗೆ ಕೇಳುತ್ತಿತ್ತು.

ಕೊನೆಯ ಪೇಪರು ಗಣಿತದ್ದು. ಮಹಾನಂದಾ ಹೊಸ್ತಿಲು ದಾಟಿದ ಕೂಡಲೇ ಬಾಳವ್ವ ತೂಗಲು ಕೂತಳು. ಬಿಸಿಲು ಅಂಗಳದ ನಡುವೆ ಬಂದಿರಬೇಕು, ಆಗ ನಾನು ಹರಿದೆ. ಬಾಳವ್ವನೇ ಕೂಡಿಸಿದ ಜಾಗದಲ್ಲಿ, ಒಡಲಿಗೂ ಸೆರಗಿಗೂ ನಡುವೆ, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ. ಗುಂಡಪ್ಪ ಧಡ್ಡನೆ ಬಿದ್ದು ನೆಲದ ಹಾಸುಗಲ್ಲು ಸೀಳಿತು. ಬಾಳವ್ವನ ಮುಖ ಬೂದಿಯಂತಾಯಿತು. ಕೈಗಳು ಮಾತ್ರ ನಿಲ್ಲಲಿಲ್ಲ. ಕಲ್ಲನ್ನು ನನ್ನ ಕೆಂಪು ಸೆರಗಿನಲ್ಲಿ ಸುತ್ತಿ, ಎತ್ತಿ ತೊಡೆಯ ಮೇಲೆ ಹಾಕಿಕೊಂಡಳು. ಎರಡೂ ತೊಡೆಗಳನ್ನು ಅತ್ತಿತ್ತ ಆಡಿಸುತ್ತಾ ತೂಗತೊಡಗಿದಳು. ಮಗಳು ಬಂದು ಹೊಸ್ತಿಲು ದಾಟುವವರೆಗೆ ಬಿಡಲಿಲ್ಲ. ಅಂದಿನಿಂದ ಬಾಳವ್ವನ ಮೊಣಕಾಲು ನೆಟ್ಟಗಾಗಲಿಲ್ಲ. ಮಹಾನಂದಾ ಕೇಳಿದ್ದಕ್ಕೆ, ಹಳೇ ಅರಿವಿ, ಜೋಲಿ ಬಿಚ್ಚುವಾಗ ಹರೀತು ಎಂದಳು. ನೆಲ ಒಡೆದದ್ದರ ಮೇಲೆ ಕೂತಲ್ಲಿಂದಲೇ ಚಾಪೆ ಎಳೆದಿದ್ದಳು.

ಮಹಾನಂದಾ ಪಾಸಾದಳು. ಗಣಿತದಲ್ಲಿ ಒಳ್ಳೆಯ ಅಂಕ ಬಂದಿತ್ತು. ಅಂಗನವಾಡಿಯ ಆದೇಶ ಬರುವಷ್ಟರಲ್ಲಿ ಮತ್ತೊಂದು ಚಳಿಗಾಲ ಕಳೆಯಿತು. ಕೈಗೆ ಆದೇಶ ಬಂದ ದಿನ ಅವಳು ಸೂಜಿ ದಾರ ತೆಗೆದುಕೊಂಡು ನನ್ನ ಎರಡು ಭಾಗಗಳನ್ನು ಹೊಲಿದಳು. ಕೊಂಡಿ ಹಾಕುವ ಕಣ್ಣು ಬಾಳವ್ವನಿಗೆ ಉಳಿದಿರಲಿಲ್ಲ. ಉದ್ದುದ್ದ ಹೊಲಿಗೆ, ಅವಸರದ್ದು. ಬರುವಾಗ ಬಸ್ಸಿನಲ್ಲಿ ಚಳಿಯಾಗುತ್ತದೆ, ಕೂಸಿಗೆ ಇದನ್ನೇ ಹೊದಿಸುತ್ತೇನೆ, ಸೆರಗು ಹಿಡಿದು ಮಲಗುತ್ತಾಳೆ ಎಂದಳು. ಬಾಳವ್ವ ಬುಟ್ಟಿಯಲ್ಲಿ ಶೇಂಗಾ ಹೋಳಿಗೆ ಕಟ್ಟಿಕೊಟ್ಟಳು.

ಸೋಲಾಪುರದ ಆ ಓಣಿಯಲ್ಲಿ ಪವರ್‌ಲೂಮುಗಳ ಗದ್ದಲ. ನನ್ನಂಥವರನ್ನು ಆ ಯಂತ್ರಗಳು ಒಂದು ಉಸಿರಿಗೆ ಹೆರುತ್ತವಂತೆ. ಶ್ರೀಶೈಲ ಬಾಗಿಲು ತೆರೆದು, ಬಾ ಎಂದು ಹೇಳಿ, ತಾನು ಹೊರಗೆ ಹೋಗಿ ನಿಂತ. ಕೊಟ್ಟ ಮಾತು ಕೊಟ್ಟದ್ದೇ, ಕರಕೊಂಡು ಹೋಗು ಎಂದ. ಲಲಿತಾ ತೆಳ್ಳಗಿನ, ಸಣ್ಣ ದನಿಯ ಹೆಂಗಸು. ಆಗಲೇ ಹುಡುಗಿಯ ಬಟ್ಟೆಗಳನ್ನು ಮಡಚಿ ಚೀಲಕ್ಕೆ ತುಂಬಿಟ್ಟಿದ್ದಳು. ಎಲ್ಲವೂ ಇಸ್ತ್ರಿ ಮಾಡಿದ ಫ್ರಾಕುಗಳು.

ಸಿಂಚನಾ ಲಲಿತಾಳ ನಿರಿಗೆಯ ಹಿಂದಿನಿಂದ ಇಣುಕಿದಳು. ಮೈ ತುಂಬಿಕೊಂಡಿದ್ದಳು, ತೋಳು ದುಂಡಗಾಗಿತ್ತು. ಎರಡು ಜಡೆ, ರಿಬ್ಬನ್ನು. ಬಂದವರು ಯಾರೆಂದು ಲಲಿತಾ ಎಷ್ಟೋ ಸಲ ಹೇಳಿಕೊಟ್ಟಿದ್ದಳಂತೆ. ಅವ್ವ ಅನ್ನು ಎಂದು ಬೆನ್ನು ತಟ್ಟಿದಳು. ಹುಡುಗಿ ನನ್ನನ್ನು ನೋಡಿದಳು. ಹತ್ತಿರ ಬಂದು ಕೆಂಪು ಸೆರಗನ್ನು ಎರಡು ಬೆರಳಲ್ಲಿ ಮುಟ್ಟಿದಳು. ನನ್ನ ಎಳೆ ಎಳೆಯೂ ನಿಂತು ಕಾದಿತು.

"ಮಾವಶಿ, ಇದು ನಿಮ್ಮ ಸೀರಿ ಏನ್ರಿ?" ಎಂದು ಕೇಳಿದಳು.

ಮಾವಶಿ ಎಂದರೆ ಆ ಕಡೆ ಚಿಕ್ಕಮ್ಮ. ಮಹಾನಂದಾ ಹೌದು ಎಂದಳು. ನಿನಗೆ ಬೇಕೇನು ಎಂದು ಕೇಳಿದಳು. ಹುಡುಗಿ ಲಲಿತಾಳ ಮುಖ ನೋಡಿದಳು.

ಊಟವಾಯಿತು. ಬಸ್ಸಿಗೆ ಇನ್ನೂ ಹೊತ್ತಿತ್ತು. ಹುಡುಗಿಗೆ ಮಧ್ಯಾಹ್ನದ ನಿದ್ದೆ ಬಂತು. ಮಹಾನಂದಾ ನನ್ನ ಸೆರಗನ್ನು ನೆಲದ ಮೇಲೆ ಹಾಸಿ ಅವಳನ್ನು ಮಲಗಿಸಿದಳು, ಪಕ್ಕದಲ್ಲಿ ಕೂತು ತಟ್ಟಿದಳು, ಬಣ್ಣದ ಮನೆಯ ಪ್ರಮೇಯವನ್ನು ಜೋಗುಳದ ರಾಗದಲ್ಲಿ ಗುನುಗಿದಳು. ಹುಡುಗಿ ಸಭ್ಯವಾಗಿ ಕಣ್ಣು ಮುಚ್ಚಿಕೊಂಡಳು, ಆದರೆ ನಿದ್ದೆ ಬರಲಿಲ್ಲ. ಕೊನೆಗೆ ಮೆಲ್ಲಗೆ ಆಯಿ, ಎಂದರೆ ಅವ್ವ, ಎಂದು ಕರೆದಳು.

ಲಲಿತಾ ಒಳಬಾಗಿಲಲ್ಲಿ ನಿಂತಿದ್ದಳು. ಬರಲೋ ಬೇಡವೋ ಎಂದು ಮಹಾನಂದಾಳ ಮುಖ ನೋಡಿದಳು. "ಕಿವಿ ಹಿಡ್ಕೊಂಡು ಮಲಗೂ ರೂಢಿರಿ ಅಕ್ಕಾ. ನೀವು ಬಗ್ಗಿ ನಿಮ್ಮ ಕಿವಿ ಕೊಡ್ರಿ. ಎರಡು ದಿನ ಅಳ್ತಾಳ, ಆಮ್ಯಾಲ ರೂಢಿ ಆಗ್ತೈತಿ," ಎಂದಳು. ಹೇಳುವಾಗ ಅವಳ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು, ದನಿಯಲ್ಲಿ ಮಾತ್ರ ಅಳು ಇರಲಿಲ್ಲ.

ಮಹಾನಂದಾ ಬಗ್ಗಿ ತನ್ನ ಕಿವಿ ಕೊಟ್ಟಳು. ಹುಡುಗಿ ಹಿಡಿದು ನೋಡಿದಳು, ಓಲೆ ಬೇರೆಯಾಗಿತ್ತು. ಕೈ ಹಿಂದೆ ತೆಗೆದುಕೊಂಡಳು. ಆಗ ಮಹಾನಂದಾ ಸರಿದು ಜಾಗ ಮಾಡಿಕೊಟ್ಟಳು. ಲಲಿತಾ ಬಂದು ಮಲಗಿದಳು. ಸಿಂಚನಾ ಒಂದು ಕೈಯಲ್ಲಿ ಅವಳ ಕಿವಿ ಹಿಡಿದಳು. ಕಣ್ಣು ಮುಚ್ಚಿದ ಮೇಲೆ, ನಿದ್ದೆಯ ಒಳಗಿನಿಂದ, ಇನ್ನೊಂದು ಕೈ ನೆಲದ ಮೇಲೆ ಹರಿದಾಡಿ ನನ್ನ ಸೆರಗಿನ ಅಂಚನ್ನು ಹುಡುಕಿ ಮುಷ್ಟಿಯೊಳಗೆ ತೆಗೆದುಕೊಂಡಿತು. ಅವಳಿಗೆ ಗೊತ್ತಿಲ್ಲದ್ದು ಆ ಮುಷ್ಟಿಗೆ ಗೊತ್ತಿತ್ತು.

ಮಹಾನಂದಾ ಅದನ್ನು ನೋಡುತ್ತಾ ಕೂತಿದ್ದಳು. ಹೊರಗೆ ಯಂತ್ರಗಳು ಬಡಿಯುತ್ತಿದ್ದವು. ಎತ್ತಿಕೊಂಡರೆ ಆ ಬೆರಳುಗಳನ್ನು ಮತ್ತೊಮ್ಮೆ ಒಂದೊಂದಾಗಿ ಬಿಡಿಸಬೇಕು, ಈ ಸಲ ಕಿವಿಯಿಂದ. ಅವಳು ನನ್ನ ಹೊಲಿಗೆಯ ತುದಿಯನ್ನು ಹಲ್ಲಿನಿಂದ ಕಚ್ಚಿದಳು. ದಾರವನ್ನು ಮೆಲ್ಲಗೆ ಎಳೆಯತೊಡಗಿದಳು. ಉದ್ದುದ್ದ ಹೊಲಿಗೆಯಾದ್ದರಿಂದ ಸದ್ದಿಲ್ಲದೆ ಬಿಚ್ಚಿತು. ಸೆರಗು ಹುಡುಗಿಯ ಮುಷ್ಟಿಯಲ್ಲಿ ಉಳಿಯಿತು. ಒಡಲು, ಅಂದರೆ ಈಗ ಮಾತಾಡುತ್ತಿರುವ ನಾನು, ಅವಳ ಕೈಯಲ್ಲಿ ಮಡಚಿಕೊಂಡೆ.

"ಬ್ಯಾಸಗಿ ಸೂಟಿಗೆ ಕಳಸ್ರಿ," ಎಂದಳು. ಲಲಿತಾ ಏಳಲು ಹೋದಳು. ಮಹಾನಂದಾ ಬೇಡವೆಂದು ಕೈ ಮಾಡಿದಳು. ಎದ್ದರೆ ಕೂಸು ಎಚ್ಚರವಾದೀತು. ಚೀಲದ ಪಕ್ಕ ಹೋಳಿಗೆಯ ಬುಟ್ಟಿಯಿಟ್ಟು ಹೊರಗೆ ಬಂದಳು. ಶ್ರೀಶೈಲನನ್ನು ದಾಟಿ ಬಸ್ಸಿನ ಕಡೆ ನಡೆದಳು. ಬಸ್ಸಿನಲ್ಲಿ ನಿಜವಾಗಿಯೂ ಚಳಿಯಿತ್ತು. ನನ್ನನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು, ಹೊದ್ದುಕೊಳ್ಳಲಿಲ್ಲ.

ಬಾಗಿಲಲ್ಲಿ ಕಾದಿದ್ದ ಬಾಳವ್ವ ಮಗಳ ಹಿಂದೆ ಯಾರಾದರೂ ಇದ್ದಾರೆಯೇ ಎಂದು ಓಣಿಯ ತುದಿಯವರೆಗೆ ನೋಡಿದಳು. ಆಮೇಲೆ ಕುಂಟುತ್ತಾ ಒಳಗೆ ಹೋಗಿ ಗುಂಡಪ್ಪನ ಕುಂಚಿಗೆ ಬಿಚ್ಚಿ, ಅವನನ್ನು ಒರಳಿಗೆ ಇಳಿಸಿದಳು.

ಬೇಸಿಗೆಗಳು ಬಂದವು. ಒಂದು ಬೇಸಿಗೆ ಹುಡುಗಿ ಬಂದಳು, ಮಾವಿನಹಣ್ಣು ತಿಂದಳು, ಮಾವಶಿ ಎಂದೇ ಕರೆದಳು, ಹೋದಳು. ಸೆರಗನ್ನು ತಂದಿರಲಿಲ್ಲ. ಅದು ಎಲ್ಲಿದೆಯೆಂದು ಕೇಳುವ ಬಾಯಿ ನನಗಿಲ್ಲ, ಮಹಾನಂದಾ ಕೇಳಲಿಲ್ಲ.

ಈಗ ನಾನು ಬಣ್ಣದ ಮನೆಯಲ್ಲಿದ್ದೇನೆ. ಮಹಾನಂದಾ ಅಂಗನವಾಡಿ ಮುಗಿಸಿ ಇಲ್ಲಿಗೆ ಬಂದು ಹೊಸಬರಿಗೆ ಗಣಿತ ಹೇಳಿಕೊಡುತ್ತಾಳೆ. ಅವಳೇ ನನ್ನನ್ನು ಕೊನೆಯ ಗಳಕ್ಕೆ ಕಟ್ಟಿದಳು. ಮೈ ಜಾಳುಜಾಳಾಗಿದೆ, ಹಿಡಿದು ನೋಡಿದರೆ ಆಚೆಯ ಬೆಳಕು ಕಾಣುತ್ತದೆ. ಇನ್ನೊಂದು ಕಲ್ಲನ್ನು ನಾನು ಹೊರಲಾರೆ. ಕೂಸುಗಳನ್ನು ಹೊರುತ್ತೇನೆ. ಈಚೆಗೆ ಒಬ್ಬ ಹುಡುಗಿ ಬರುತ್ತಿದ್ದಾಳೆ. ಇನ್ನೂ ಶಾಲೆಯ ಸಮವಸ್ತ್ರ ತೊಡುವ ವಯಸ್ಸು, ಕಂಕುಳಲ್ಲಿ ಕೂಸು. ಮಹಾನಂದಾ ಅವಳಿಗೆ ಹುರಿಯನ್ನು ಹೆಬ್ಬೆರಳಿಗೆ ಕಟ್ಟಿಕೊಳ್ಳುವುದನ್ನು ಕಲಿಸಿದಳು. ತೂಗುತ್ತಾ ಓದು, ಬೇಗ ಹತ್ತುತ್ತದೆ ಎಂದಳು.

ಕೆಲವೊಮ್ಮೆ ನನಗೆ ಸೆರಗಿನ ಜಾಗದಲ್ಲಿ ಎಳೆತ ಬರುತ್ತದೆ. ಇಲ್ಲದ ಸೆರಗನ್ನು ಯಾರೋ ಮುಷ್ಟಿಯಲ್ಲಿ ಹಿಡಿದ ಹಾಗೆ. ಅದು ನಿಜವೋ, ಹಳೆಯ ಬಟ್ಟೆಯ ಭ್ರಮೆಯೋ. ಒಮ್ಮೆ ಕೊಂಡಿ ಹಾಕಿ ಕೂಡಿಸಿದ ಎಳೆಗಳು ಬೇರೆ ಬೇರೆ ಊರಲ್ಲಿದ್ದರೂ ಒಂದರ ನಿದ್ದೆ ಇನ್ನೊಂದಕ್ಕೆ ತಿಳಿಯುತ್ತದೆ ಎಂದು ನಂಬಿಕೊಂಡು ತೂಗುತ್ತೇನೆ.

ನಿನ್ನೆ ಪಾಠ ಮುಗಿದ ಮೇಲೆ ಆ ಹುಡುಗಿ ಕೂಸನ್ನು ಎತ್ತಿಕೊಂಡು ಅವಸರದಲ್ಲಿ ಹೊರಟುಬಿಟ್ಟಳು. ಕಿಟಕಿಯಿಂದ ಗಾಳಿ ಬಂತು. ನಾನು ಇನ್ನೇನು ತೂಗಬೇಕು ಅನ್ನುವಷ್ಟರಲ್ಲಿ, ಹಲಗೆ ಒರೆಸುತ್ತಿದ್ದ ಮಹಾನಂದಾ ಒರೆಸುವುದನ್ನು ಅರ್ಧಕ್ಕೆ ಬಿಟ್ಟು ಓಡಿ ಬಂದಳು. ಎರಡೂ ಕೈಯಿಂದ ನನ್ನನ್ನು ಹಿಡಿದು ನಿಲ್ಲಿಸಿದಳು. ಗಂಟು ಹಾಕಿದಳು. ಅದರ ಮೇಲೆ ಇನ್ನೊಂದು ಗಂಟು ಹಾಕಿದಳು. ಸೀಮೆಸುಣ್ಣದ ಆ ಕೈಗಳು ಗಂಟಿನ ಮೇಲೆ ಹಾಗೆಯೇ ಇದ್ದವು, ಹೊರಗೆ ಗಾಳಿ ಪೂರ್ತಿ ನಿಲ್ಲುವವರೆಗೆ.